ಹಿಂದಿನ ಸಾಲಿನ ಕಂಡಕ್ಟರ್

ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ ಗುಬ್ಬಿ ಮಾಡುವ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ, ಬರೆದುಬಿಟ್ಟೆ. ನೀನು ಫೋನ್ ಮಾಡಿದಾಗಲೆಲ್ಲ "ಆಮೇಲೆ ಮಾಡ್ತೀನಿ" ಅಂದು ಇಟ್ಟುಬಿಟ್ಟೆ, ಆಮೇಲೆ ಮಾಡಲೂ ಇಲ್ಲ. ಕೋಪ ಮಾಡಿಕೊಳ್ಳಬೇಡ. ನಮಗಿರುವುದು ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪನ ವಿಷಯವನ್ನು ಅಪ್ಪನ ಎದುರಿಗೇ ಹೇಗೆ ಹೇಳಲಿ? ಅಲ್ಲದೆ ಫೋನಿನಲ್ಲಿ ನಮ್ಮ ಮಾತು ಸ್ವಲ್ಪ ಉದ್ದವಾದರೆ ಮುಗಿಯುವುದು ಜಗಳದಲ್ಲೇ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೂ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ನಿನ್ನ ಅತ್ತೆ ಹೇಗಿದ್ದಾರೆ? ಬೆನ್ನಿನ ಹುಣ್ಣು ಮಾಗಿತೆ? ಅವರನ್ನು ಮಗ್ಗುಲು ಬದಲಿಸಿ ಮಲಗಿಸುವಾಗ ಭಾವ ಒಂದು ಕೈ ಕೊಡುತ್ತಾರೋ, ಇಲ್ಲ ಪೇಪರಿನ ಹಿಂದೆ ಅಡಗಿ ಕೂರುತ್ತಾರೋ? ಮಕ್ಕಳ ಪರೀಕ್ಷೆ ಮುಗಿದಿರಬೇಕು. ನಿನಗೆ ಅಲ್ಲಿ ಉಸಿರಾಡಲು ಪುರಸೊತ್ತಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಕೇಳಲು ಹೊರಟಿದ್ದೇನೆ. ಏನು ಕೇಳುತ್ತೇನೆ ಎಂಬುದನ್ನು ಕೊನೆಗೆ ಬರೆಯುತ್ತೇನೆ, ಮೊದಲು ನಡೆದದ್ದನ್ನು ಓದು.

ಅಪ್ಪನನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆಂದು ಹೋದವಳು ಹೋದಳು, ಅಷ್ಟೆ. ಪಕ್ಕದ ಮನೆಯಾಕೆ ಕೆಲವು ದಿನ ತಮ್ಮಲ್ಲಿ ಕೂರಿಸಿಕೊಂಡರು. ಅಪ್ಪ ಅವರ ಒಲೆಯ ಗ್ಯಾಸು ತಿರುಗಿಸಿ, ಹಚ್ಚುವುದನ್ನು ಮರೆತು ಎದ್ದು ಬಂದ ಮೇಲೆ ಅವರೂ ಕೈಮುಗಿದರು. ದಿಕ್ಕು ತೋಚದೆ ನಮ್ಮ ಥಿಯೇಟರಿನ ಮ್ಯಾನೇಜರ್ ಹತ್ತಿರ ಹೋಗಿ ನಿಂತೆ. ನನಗಿಂತ ಚಿಕ್ಕವನು, ಟೈ ಕಟ್ಟಿಕೊಂಡು ಓಡಾಡುತ್ತಾನೆ. ಕೆಟ್ಟವನಲ್ಲ. "ಮಧ್ಯಾಹ್ನದ ಆಟಕ್ಕೆ ಹೇಗೂ ಅರ್ಧ ಸೀಟು ಖಾಲಿ ಇರ್ತವೆ. ಹಿಂದಿನ ಸಾಲಲ್ಲಿ ಕೂರಿಸಿ, ಯಾರೂ ಕೇಳಲ್ಲ" ಅಂದ.

ನನ್ನ ಕೆಲಸ ಏನೆಂದು ನೀನು ಪ್ರತಿ ಸಲ ಕೇಳುತ್ತೀ, ನಾನು ಪ್ರತಿ ಸಲ ಹಾರಿಸುತ್ತೇನೆ. ಸಿನಿಮಾ ನೋಡಲು ಬಂದವರು ಬೈಯುತ್ತಾರೆ, ನಾನು ಬೈಸಿಕೊಳ್ಳುತ್ತೇನೆ, ಸಂಜೆ ಅವರಿಗೆಲ್ಲ ಕಂಪ್ಯೂಟರಿನಲ್ಲಿ ಕ್ಷಮೆ ಕೇಳಿ ಬರೆಯುತ್ತೇನೆ. ನಮ್ಮಲ್ಲಿ ಗಿರಾಕಿ ಎನ್ನಬಾರದು, ಅತಿಥಿ ಎನ್ನಬೇಕು. ಅತಿಥಿ ಮನೆಯಿಂದ ತಂದ ನೀರಿನ ಬಾಟಲಿಯನ್ನು ಬಾಗಿಲಲ್ಲೇ ಕಸಿದುಕೊಂಡು, ಒಳಗೆ ಅದೇ ನೀರನ್ನು ಮಾರುವುದು ಯಾವ ಮನೆಯ ಪದ್ಧತಿಯೋ ನನಗೆ ತಿಳಿಯದು. ಒಬ್ಬರಿಗೆ ಎಸಿ ಜಾಸ್ತಿ, ಪಕ್ಕದಲ್ಲೇ ಕೂತವರಿಗೆ ಕಡಿಮೆ. ಗುಂಡಿ ಒತ್ತಿದರೆ ಮಲಗುವ ಸೋಫಾ ಸೀಟುಗಳಿವೆ. ಮಲಗುತ್ತವೆ, ಒಮ್ಮೊಮ್ಮೆ ಏಳುವುದಿಲ್ಲ. ಹೋದ ತಿಂಗಳು ದಪ್ಪನೆಯ ಯಜಮಾನರೊಬ್ಬರನ್ನು ಮೂರು ಜನ ಸೇರಿ ಎಬ್ಬಿಸಿದೆವು. ಇನ್ನೊಬ್ಬರು ಅದೇ ಸೀಟಿನಲ್ಲಿ ಇಡೀ ಸಿನಿಮಾ ನಿದ್ದೆ ಹೊಡೆದು, ತಮ್ಮನ್ನು ಯಾರೂ ಎಬ್ಬಿಸಲಿಲ್ಲವೆಂದು ದೂರು ಬರೆದರು. ನಾಯಕ ಸಾಯುತ್ತಾನೆಂದು ಮೊದಲೇ ಹೇಳಬೇಕಿತ್ತು ಎಂದು ಒಬ್ಬಾಕೆ ಅತ್ತುಕೊಂಡು ಬಂದಿದ್ದಳು, ಅವಳಿಗೂ ಕ್ಷಮೆ ಕೇಳಿದೆ. ಹೊರಗೆ ಹೋಗುವ ದಾರಿಯಲ್ಲಿ ಒಂದು ಯಂತ್ರವಿದೆ. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ಬೇಕಾದ್ದನ್ನು ಒತ್ತಿ ಹೋಗಬಹುದು. ತಿಂಗಳ ಕೊನೆಗೆ ನಗುವ ಮುಖಗಳು ಕಡಿಮೆಯಾದರೆ ಮ್ಯಾನೇಜರಿನ ಮುಖ ಅಳುವ ಮುಖವಾಗುತ್ತದೆ.

ಅಪ್ಪ ಮೊದಮೊದಲು ತೆಪ್ಪಗೆ ಕೂತ. ನಂಬುತ್ತೀಯಾ, ಮನೆಯಲ್ಲಿ ಎರಡು ನಿಮಿಷ ಒಂದೆಡೆ ಕೂರದವನು ಆ ಕತ್ತಲಲ್ಲಿ, ಆ ತಂಪಿನಲ್ಲಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಆಟ ಮುಗಿಯುವವರೆಗೂ ಕೂತಿರುತ್ತಿದ್ದ. ಬಾಗಿಲು ಸ್ವಲ್ಪ ತೆರೆದು ಇಣುಕಿದರೆ ತೆರೆಯ ಬೆಳಕಿನಲ್ಲಿ ಅವನ ಮುಖ ಕಾಣುತ್ತಿತ್ತು. ಎಷ್ಟೋ ತಿಂಗಳಾಗಿತ್ತು ನನ್ನ ಎದೆಯ ಮೇಲಿನ ಕಲ್ಲು ಇಳಿದು.

ಆಮೇಲೆ ಒಂದು ದಿನ ಅಪ್ಪ ಎದ್ದ. ಯೋಚಿಸಿ ನೋಡು, ಸಾಲು ಸಾಲು ಸೀಟು, ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತಿದ್ದಾರೆ, ನಡುವೆ ಓಡಾಡುವ ದಾರಿ, ಮುಂದೆ ದೊಡ್ಡ ಗಾಜಿನಂಥದ್ದರಲ್ಲಿ ಊರುಕೇರಿ ಓಡುತ್ತಿದೆ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ಅದು ಇನ್ನೇನಾಗಿ ಕಾಣಬೇಕು? ಒಬ್ಬೊಬ್ಬರ ಪಕ್ಕ ನಿಂತು, ಬಗ್ಗಿ, ಮೆಲ್ಲಗೆ "ಟಿಕೆಟ್ ಆಯ್ತಾ? ಎಲ್ಲಿಗೆ?" ಎಂದು ಕೇಳುತ್ತ ಬಂದ. ನಮ್ಮಲ್ಲಿ ಟಿಕೆಟ್ ಹರಿಯುವವರೇ ಇಲ್ಲವಲ್ಲ, ಫೋನನ್ನು ಯಂತ್ರಕ್ಕೆ ತೋರಿಸಿದರೆ ಬಾಗಿಲು ತೆರೆಯುತ್ತದೆ. ಜನ ಇವನೇ ತಪಾಸಣೆಯವನೆಂದುಕೊಂಡು ಫೋನು ತೋರಿಸಿದರು. ಅಪ್ಪ ಅದನ್ನು ಗಂಭೀರವಾಗಿ ನೋಡಿ "ಸರಿ, ಕೈ ಹೊರಗೆ ಹಾಕ್ಬೇಡಿ" ಅಂದು ಮುಂದಕ್ಕೆ ಹೋದ. ಸೀಟಿನ ಮೇಲೆ ಕಾಲು ಹಾಕಿದವರು ಕಾಲು ಇಳಿಸಿದರು. ಫೋನಿನಲ್ಲಿ ಹರಟುತ್ತಿದ್ದವನು ತಾನೇ ಬಾಯಿ ಮುಚ್ಚಿದ. ನಾನು ಬಾಗಿಲಲ್ಲಿ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ, ಆಮೇಲೆ ಶೌಚಾಲಯಕ್ಕೆ ಹೋಗಿ ಅತ್ತೆ.

ಆ ವಾರ ನಗುವ ಮುಖಗಳು ಎಂದಿಲ್ಲದಷ್ಟು ಬಂದವು. "ಹಿರಿಯ ಸಿಬ್ಬಂದಿಯ ಶಿಸ್ತು ಮೆಚ್ಚುವಂಥದ್ದು" ಎಂದು ಒಬ್ಬರು ಬರೆದೂ ಬರೆದರು. ನಾನು ಮ್ಯಾನೇಜರಿಗೆ ನಿಜ ಹೇಳಿ, ಇನ್ನು ಮುಂದೆ ಪಕ್ಕದಲ್ಲೇ ಯಾರನ್ನಾದರೂ ಕೂರಿಸುತ್ತೇನೆ ಎಂದೆ. ಅವನು ಕೇಳಲಿಲ್ಲ. "ಅಯ್ಯೋ, ಇರ್ಲಿ ಬಿಡಿ. ಜನಕ್ಕೆ ಇಷ್ಟ ಆಗಿದೆ, ಅವರಿಗೂ ಹೊತ್ತು ಹೋಗುತ್ತೆ" ಅಂದು, ನಮ್ಮ ಹುಡುಗರು ಹಾಕಿಕೊಳ್ಳುವ ತೋಳಿಲ್ಲದ ಕೆಂಪು ಕೋಟು ತಂದು ತಾನೇ ಅಪ್ಪನಿಗೆ ತೊಡಿಸಿದ. ಅಪ್ಪ ಗುಂಡಿ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿದ. ಅವನ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟು ಕಾಲವಾಗಿತ್ತೋ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನೀನಾಗಿದ್ದರೆ ಅನ್ನುತ್ತಿದ್ದೆಯಾ?

ಹೋದ ಬುಧವಾರ ಒಂದು ಹೊಡೆದಾಟದ ಸಿನಿಮಾ. ತೆರೆಯ ಮೇಲೆ ಲಾರಿಯೊಂದರ ಇಂಜಿನ್ನಿನಿಂದ ದಟ್ಟ ಹೊಗೆ ಎದ್ದಿತು. ನಮ್ಮಲ್ಲಿ ಸದ್ದು ಎಲ್ಲ ಗೋಡೆಗಳಿಂದಲೂ ಬರುತ್ತದೆ, ಸೀಟು ಕೂಡ ನಡುಗುತ್ತದೆ. ಅಪ್ಪ ಎದ್ದು ನಿಂತು, ನಮ್ಮ ಚಿಕ್ಕಂದಿನಲ್ಲಿ ಬೀದಿಯ ತುದಿಗೆ ಕೇಳುತ್ತಿದ್ದ ಗಂಟಲಿನಲ್ಲಿ "ಹೋಲ್ಡಾನ್" ಎಂದು ಕೂಗಿದ. "ಹೊಗೆ ಬರ್ತಿದೆ, ಎಲ್ಲರೂ ಇಳೀರಿ. ಹೆಂಗಸರು ಮಕ್ಕಳು ಮೊದ್ಲು. ಸಾಮಾನು ಬಿಡಿ, ಇಳೀರಿ." ಮೈಮೇಲೆ ಕೆಂಪು ಕೋಟು. ಥಿಯೇಟರಿನವರೇ ಹೇಳುತ್ತಿದ್ದಾರೆ ಎಂದ ಮೇಲೆ ಯಾರು ಕೂರುತ್ತಾರೆ? ಜನ ಎದ್ದರು. ಕತ್ತಲಲ್ಲಿ ಮೆಟ್ಟಿಲು ಕಾಣದೆ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡೇ ಬಿದ್ದಳು. ಮಗುವಿಗೆ ಏನೂ ಆಗಲಿಲ್ಲ. ಅದನ್ನು ಉಳಿಸಲು ಹೋಗಿ ಅವಳ ಮಣಿಕಟ್ಟು ಮುರಿಯಿತು.

ನಾನು ಓಡಿಹೋಗಿ ನೋಡುವಾಗ ಅಪ್ಪ ಬಾಗಿಲ ಪಕ್ಕ ನಿಂತು ಒಬ್ಬೊಬ್ಬರ ಭುಜ ಮುಟ್ಟಿ ಹೊರಗೆ ಬಿಡುತ್ತಿದ್ದ. ತಾನು ಮಾತ್ರ ಹೊರಗೆ ಬರಲಿಲ್ಲ. ಕೈ ಹಿಡಿದು ಎಳೆದರೆ "ಕೊನೇ ಪ್ಯಾಸೆಂಜರ್ ಇಳಿಯೋವರೆಗೂ ನಾನು ಇಳಿಯೋ ಹಾಗಿಲ್ಲ. ನೀವು ಮೊದ್ಲು ಹೋಗಿ" ಅಂದ. ಅಕ್ಕಾ, ಅವನು ಮಾಡಿದ್ದರಲ್ಲಿ ಏನು ತಪ್ಪಿದೆ ಹೇಳು. ಹೊಗೆ ಕಂಡಿತು, ಜನರನ್ನು ಇಳಿಸಿದ. ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಾನೆ, ಬಸ್ಸೊಂದು ಇರಲಿಲ್ಲ ಅಷ್ಟೆ. ಆದರೆ ಆ ತಾಯಿ ಲಾಬಿಯ ಸೋಫಾದ ಮೇಲೆ ಕೂತು, ಊದಿದ ಕೈಯನ್ನು ಎದೆಗೆ ಒತ್ತಿಕೊಂಡು "ಮನೇಲಿ ಇದನ್ನ ಎತ್ತಿಕೊಳ್ಳೋರು ನಾನೊಬ್ಬಳೇ ರೀ" ಎಂದು ಅಳುತ್ತಿದ್ದಳು. ಮಗು ಅವಳ ಇನ್ನೊಂದು ಕೈಗೆ ಜೋತುಬಿದ್ದಿತ್ತು. ಅವಳ ಮುಂದೆ ಮಂಡಿಯೂರಿ ಕೂತ ನನಗೆ, ಅದು ನಮ್ಮ ಅಪ್ಪ ಎಂದು ಹೇಳಲು ಧೈರ್ಯ ಬರಲಿಲ್ಲ.

ಅವಳ ದೂರು ಅಂದೇ ಮೇಲಿನ ಕಚೇರಿಗೆ ಹೋಯಿತು. ಉತ್ತರ ಬರೆಯಬೇಕಾದವಳು ನಾನೇ ತಾನೆ? ಏನು ಬರೆಯಬೇಕೆಂಬುದನ್ನು ಅವರೇ ಹೇಳಿ ಕಳಿಸಿದರು. ಸದರಿ ವ್ಯಕ್ತಿ ನಮ್ಮ ಸಿಬ್ಬಂದಿಯಲ್ಲ, ಅಪರಿಚಿತ ವ್ಯಕ್ತಿಯೊಬ್ಬರು ಸಮವಸ್ತ್ರ ಧರಿಸಿ ಒಳಗೆ ಬಂದಿದ್ದು ವಿಷಾದಕರ, ಇನ್ನು ಅವರಿಗೆ ಇಲ್ಲಿ ಪ್ರವೇಶವಿರುವುದಿಲ್ಲ. ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ನಿಂತು "ನನ್ನ ಕೆಲಸಾನೂ ಹೋಗುತ್ತೆ, ನಿಮ್ಮದೂ ಹೋಗುತ್ತೆ. ದಯವಿಟ್ಟು ಹೀಗೇ ಕಳಿಸಿ" ಅಂದ. ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಅವನೂ ಹೆದರಿದ್ದ. ಅಪರಿಚಿತ ವ್ಯಕ್ತಿ ಎಂದು ಟೈಪ್ ಮಾಡಿದೆ, ಕೆಳಗೆ ಎಂದಿನಂತೆ ನಮ್ಮ ಆತಿಥ್ಯದಲ್ಲಿ ವಿಶ್ವಾಸವಿಡಿ ಎಂದು ಸೇರಿಸಿದೆ, ಕಳಿಸಿದೆ. ಅಪ್ಪ ಆಗ ತಿಂಡಿ ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಕೋಟು ಬಿಚ್ಚಿಸಿದವರ ಮೇಲೆ ಸಿಡುಕುತ್ತಿದ್ದ.

ಅಂದಿನಿಂದ ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಿದ್ದೇನೆ. ಹೌದು, ಅಪ್ಪನನ್ನು ಒಳಗೆ ಬಿಟ್ಟು ಬೀಗ. ಗ್ಯಾಸಿನ ಕೊಳವೆ ಕಳಚಿ ಇಡುತ್ತೇನೆ, ಚಾಕು ಎತ್ತಿಡುತ್ತೇನೆ, ತಟ್ಟೆಗೆ ಬಡಿಸಿ ಮುಚ್ಚಿಟ್ಟು ಹೋಗುತ್ತೇನೆ. ಮೆಟ್ಟಿಲಿಳಿಯುವಾಗ ಒಳಗಿನಿಂದ ಬಾಗಿಲು ಬಡಿಯುವುದು ಕೇಳುತ್ತದೆ. ಕೇಳಿಸಿಕೊಂಡೇ ಇಳಿಯುತ್ತೇನೆ. ಪಕ್ಕದ ಮನೆಯಾಕೆ ನಿನ್ನೆ "ಮಧ್ಯಾಹ್ನವೆಲ್ಲ ಬಡೀತಾನೇ ಇದ್ರು, ಆಮೇಲೆ ಸದ್ದಿಲ್ಲ" ಅಂದರು. ಸದ್ದಿಲ್ಲ ಎಂಬುದನ್ನು ಸಮಾಧಾನಕ್ಕೆಂದು ಹೇಳಿದರೋ ಏನೋ, ನಾನು ಚೀಲ ಬೋರಲು ಹಾಕಿ ಬೀಗದ ಕೈ ಹುಡುಕಿದೆ. ಬೀಗ ತೆಗೆದರೆ ಬಾಗಿಲ ಬುಡದಲ್ಲೇ ನಿದ್ದೆ ಹೋಗಿದ್ದ. ಬಡಿದು ಬಡಿದು ಅಂಗೈ ಕೆಂಪಾಗಿತ್ತು. ಕೆಲಸ ಬಿಟ್ಟರೆ ಬಾಡಿಗೆ ಇಲ್ಲ, ಔಷಧಿ ಇಲ್ಲ. ಬಿಡದಿದ್ದರೆ ಒಂದು ದಿನ ಬಾಗಿಲು ತೆಗೆದಾಗ ಏನು ಕಾಣುತ್ತೇನೋ ಎಂಬ ಭಯ. ನನಗೆ ಯಾವ ಕಡೆಯೂ ದಾರಿ ಕಾಣುತ್ತಿಲ್ಲ ಅಕ್ಕಾ.

ಕೇಳಬೇಕಾದದ್ದು ಇಷ್ಟೆ. ನೀನು ಬಾ. ಅತ್ತೆಯನ್ನು ಭಾವನಿಗೆ ಒಪ್ಪಿಸಿ ಒಂದು ತಿಂಗಳ ಮಟ್ಟಿಗಾದರೂ ಬಾ. ಅಷ್ಟರಲ್ಲಿ ನಾನು ಬೇರೆ ಹೆಂಗಸನ್ನು ಹುಡುಕುತ್ತೇನೆ, ಇಲ್ಲವೇ ಬೇರೆ ಕೆಲಸ. ಬರಲಾಗದು ಎಂದಾದರೆ ಫೋನ್ ಮಾಡಿ ಕಾರಣ ಹೇಳಬೇಡ. ಕಾರಣಗಳೆಲ್ಲ ನನಗೆ ಗೊತ್ತು, ಅವೆಲ್ಲ ನ್ಯಾಯವಾದವೇ. ಒಂದು ಸಾಲು ಬರೆದು ಹಾಕು, ಸಾಕು.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಅತ್ತೆಯ ನೋವು ಬೇಗ ಕಡಿಮೆಯಾಗಲಿ. ಮಕ್ಕಳು ಚೆನ್ನಾಗಿ ಬಾಳಲಿ, ನಮ್ಮಿಬ್ಬರಂತೆ ದೂರ ದೂರ ಬೀಳದೆ ಒಂದೇ ಬೀದಿಯಲ್ಲಿ ಮನೆ ಮಾಡಲಿ. ಚಿಕ್ಕಮ್ಮ ಹೀಗೆ ಹರಸಿದಳೆಂದು ಹೇಳು.

ನಿನ್ನ,
ಗುಬ್ಬಿ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಒಂದು ವಿಷಯ ಬಿಟ್ಟಿದ್ದೆ. ಅಪ್ಪನಿಗೆ ನನ್ನ ಗುರುತು ಹೋಗಿ ಬಹಳ ದಿನವಾಯಿತು. ನನ್ನನ್ನು ಮೇಡಂ ಅನ್ನುತ್ತಿದ್ದ, ನನ್ನ ಕೈಯಿಂದ ಊಟ ಮಾಡಲು ಒಪ್ಪುತ್ತಿರಲಿಲ್ಲ. ಥಿಯೇಟರಿನಲ್ಲಿ ಒಂದು ದಿನ ಆಟ ಮುಗಿದು ದೀಪ ಹತ್ತಿದರೂ ಸೀಟು ಬಿಟ್ಟು ಏಳಲಿಲ್ಲ. "ನನ್ನ ಮಗಳು ಕರ್ಕೊಂಡು ಹೋಗೋಕೆ ಬರ್ತಾಳೆ ಮೇಡಂ. ಬಂಗಾರಿ ಅಂತ" ಅಂದ. ನಿನ್ನ ಹೆಸರು ಹೇಳುವಾಗ ಅವನ ದನಿಯೇ ಬೇರೆ. ಕಸ ಗುಡಿಸುವವರು ಕಾಯುತ್ತ ನಿಂತಿದ್ದರು. "ನಾನೇ ಅಪ್ಪಾ ಬಂಗಾರಿ" ಅಂದುಬಿಟ್ಟೆ. ಕೈ ಹಿಡಿದುಕೊಂಡು ಎದ್ದು ಬಂದ.

ಅಂದಿನಿಂದ ಈ ಮನೆಯಲ್ಲಿ ನಾನು ನೀನಾಗಿದ್ದೇನೆ. ನಿನ್ನ ಅತ್ತೆಯ ಕ್ಷೇಮ ಕೇಳುತ್ತಾನೆ, ಹೇಳುತ್ತೇನೆ. ತಲೆ ಸವರುತ್ತಾನೆ. ಒಮ್ಮೆ ತಡೆಯಲಾರದೆ "ಗುಬ್ಬಿ ಹೇಗಿದಾಳಪ್ಪಾ?" ಎಂದು ಕೇಳಿದೆ. "ಯಾರಮ್ಮ ಅದು? ನಿನ್ನ ಸ್ನೇಹಿತೇನಾ?" ಅಂದ.

ನೀನು ಬಾ, ಖಂಡಿತ ಬಾ. ಆದರೆ ನೇರವಾಗಿ ಮೇಲೆ ಬರಬೇಡ, ಕೆಳಗಿನಿಂದ ಒಂದು ಫೋನ್ ಮಾಡು. ನೀನು ಒಳಗೆ ಕಾಲಿಟ್ಟ ಮೇಲೆ ನಾನು ಮತ್ತೆ ಮೇಡಂ. ಅವನಿಗೆ ಬಂಗಾರಿಯಾಗಿಯೇ ಕೊನೆಯದಾಗಿ ಒಂದು ಊಟ ಮಾಡಿಸಿ, ಬಾಯಿ ಒರೆಸಿ ಬಾಗಿಲು ತೆಗೆಯುತ್ತೇನೆ. ಅಲ್ಲಿಯವರೆಗೆ ಕೆಳಗೇ ನಿಂತಿರು ಅಕ್ಕಾ.