ನೀರಿಗಿಳಿದವಳಿಗೆ ನೀವು ಕೊಟ್ಟ ಶಿಕ್ಷೆ

ವಿದ್ಯಾರ್ಥಿ ನಿಲಯದ ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ಬ್ರಯೊನಿ ಹ್ಯಾಲೊರನ್ ಎಂಬ ವಿದ್ಯಾರ್ಥಿನಿಯನ್ನು ನೀವು ನಿಲಯದಿಂದ ಹೊರಹಾಕಿದ್ದೀರಿ. ಬೆಂಕಿ ಅವಘಡದ ಅಣಕು ಕವಾಯತಿನ ಹೊತ್ತಿನಲ್ಲಿ ಅವಳು ಕುಡಿದಿದ್ದಳು, ಎಲ್ಲರೂ ಸಾಲುಗಟ್ಟಬೇಕಾದ ಹುಲ್ಲುಹಾಸಿಗೆ ಬರದೆ ಆವರಣದ ಕೆರೆಗಿಳಿದಳು ಎಂಬುದು ಆರೋಪ. ಎರಡೂ ನಿಜ. ಏಕೆ ಎಂದು ಮಾತ್ರ ನಿಮ್ಮಲ್ಲಿ ಯಾರೂ ಕೇಳಲಿಲ್ಲ.

ಅವಳ ಎದುರು ಕೋಣೆಯವಳು ನಾನು, ಹೇಳುತ್ತೇನೆ. ಬ್ರಯೊನಿ ಗಿಪ್ಸ್‌ಲ್ಯಾಂಡಿನ ಕಾಡಂಚಿನ ಹಳ್ಳಿಯ ಹುಡುಗಿ. ಅವಳು ಶಾಲೆಯಲ್ಲಿದ್ದಾಗಿನ ಒಂದು ಬೇಸಿಗೆಯಲ್ಲಿ ಕಾಳ್ಗಿಚ್ಚು ಮನೆಯವರೆಗೂ ಬಂತು. ದನಗಳಿಗೆಂದು ತೋಡಿದ್ದ ಹೊಂಡಕ್ಕೆ ಅಜ್ಜನೂ ಅವಳೂ ಇಳಿದು, ಒದ್ದೆ ಕಂಬಳಿ ಹೊದ್ದು ಕತ್ತುಮಟ್ಟ ನೀರಿನಲ್ಲಿ ನಿಂತರು. ಲಾಯದಲ್ಲಿ ಕುದುರೆ ಕೂಗಿಕೊಂಡಿತು. ಅಜ್ಜ ದಡ ಹತ್ತಿ ಹೋದರು, ಮರಳಲಿಲ್ಲ.

ಹುಲ್ಲುಹಾಸಿನಲ್ಲಿ ಸಾಸೇಜು ಸುಡುವ ಹೊಗೆ ಕೋಣೆಗೆ ನುಗ್ಗಿದ ಒಂದು ಮಧ್ಯಾಹ್ನ, ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕುತ್ತ ಅವಳು ಇದನ್ನು ಹೇಳಿದಳು. ಇಷ್ಟು ಕುಡಿಯಬೇಡವೆಂದು ನಾನು ಬೇಡಿಕೊಂಡೆ.

"ಕುಡಿದ್ರೆ ಕನಸು ಬೀಳಲ್ಲ ಕಣೇ," ಎಂದಳು. "ಕುಡೀದಿದ್ರೆ ಅಜ್ಜ ದಿನಾ ಎದ್ದು ಹೋಗ್ತಾನೆ."

ಕುಡಿತವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಹೊಸಬರ ವಾರದಲ್ಲಿ ನಿಲಯದ ಲಾಂಛನವಿರುವ ಲೋಟ ಹಂಚಿ, ಯಾರು ಬೇಗ ಬರಿದು ಮಾಡುತ್ತಾರೆಂದು ಪಂದ್ಯ ಕಟ್ಟಿದವರು ಯಾರು? ನಗುವುದಕ್ಕೆ ಕುಡಿದರೆ ಸಂಪ್ರದಾಯ, ನಿದ್ದೆಗೆ ಕುಡಿದರೆ ಅಪರಾಧವೇ? ಅವಳು ಆಪ್ತಸಲಹೆಗಾರರನ್ನು ಕಾಣಲು ಅರ್ಜಿ ಹಾಕಿದಾಗ ಮುಂದಿನ ಶೈಕ್ಷಣಿಕ ಅವಧಿಯವರೆಗೆ ಕಾಯಲು ಹೇಳಿ, ಅಲ್ಲಿಯವರೆಗೆ ನೋಡುತ್ತಿರಲೆಂದು ಮದ್ಯದ ಅಪಾಯಗಳ ಕುರಿತ ವಿಡಿಯೋ ಪಾಠ ಕಳಿಸಿದಿರಿ. ಅದರ ಪರೀಕ್ಷೆಯಲ್ಲಿ ಅವಳಿಗೆ ಪೂರ್ಣಾಂಕ ಬಂತು. ಅಭಿನಂದನೆಗಳು.

ಬಳಿಕ ನಡುಚಳಿಗಾಲದ ಜುಲೈ ತಿಂಗಳ ಆ ಭಾನುವಾರ, ಮುನ್ಸೂಚನೆಯೇ ಇಲ್ಲದೆ ಸೈರನ್ ಕೂಗಿಸಿದಿರಿ. ನಾವೆಲ್ಲ ಸಾಲಿನಲ್ಲಿ ನಿಂತಾಗ ಅವಳು ಎದೆಮಟ್ಟ ನೀರಿನಲ್ಲಿದ್ದಳು. ನಾನು ಓಡಿಹೋಗಿ ಕೆರೆಗಿಳಿದೆ. ಅವಳು ನನ್ನನ್ನು ನೋಡಲೇ ಇಲ್ಲ, ದಡದತ್ತ ಕೈಚಾಚಿ ತೀರ ಮೆಲ್ಲಗೆ ಕರೆಯುತ್ತಿದ್ದಳು: "ಅಜ್ಜಾ, ಕುದುರೆ ಹೋದ್ರೆ ಹೋಗ್ಲಿ. ನೀನು ಬಾ." ಹಿಂದೆ ಯಾರೋ ನಗುತ್ತ ಫೋನಿನಲ್ಲಿ ಚಿತ್ರೀಕರಿಸುತ್ತಿದ್ದರು. ಎಳೆದು ತಂದಾಗ ಅವಳ ತುಟಿ ನೀಲಿಗಟ್ಟಿತ್ತು. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಳು. ಉಚ್ಚಾಟನೆಯ ಆದೇಶ ಅವಳಿಗೆ ತಲುಪಿದ್ದು ಅಲ್ಲಿಯೇ.

ಈಗ ತಾಯಿಯ ಮನೆಯಲ್ಲಿದ್ದಾಳೆ. ಮೊನ್ನೆ ಅವರಿಗೆ ಫೋನ್ ಮಾಡಿದ್ದೆ. "ಬಾಟ್ಲಿ ಎಲ್ಲ ಬಚ್ಚಿಟ್ಟಿದೀನಮ್ಮ," ಎಂದರು. "ಅವಳು ನಿದ್ದೆಗೇ ಹೆದರ್ತಾಳೆ. ಅದಕ್ಕೇನ್ ಮಾಡ್ಲಿ?" ಅದನ್ನೇ ತಮ್ಮನ್ನು ಕೇಳುತ್ತಿದ್ದೇನೆ. ಉತ್ತರವಿದೆಯೇ?

ಆದೇಶವನ್ನು ರದ್ದುಮಾಡಿ. ಸಲಹೆಗಾರರನ್ನು ಒದಗಿಸಿ, ಮುಂದಿನ ಅವಧಿಗಲ್ಲ, ಈ ವಾರವೇ. ಮತ್ತೆ ವಿಚಾರಣೆಗೆ ಕರೆಯುವುದಾದರೆ ಎಷ್ಟು ಕುಡಿದೆ ಎಂದು ಕೇಳುವ ಮುನ್ನ ಏನಾಗಿತ್ತು ಎಂದು ಕೇಳಿ. ಕೇಳಿದ ಮೇಲೆ, ಅವಳು ಹೇಳಿ ಮುಗಿಸುವವರೆಗೆ ಯಾರೂ ಕುರ್ಚಿ ಬಿಟ್ಟು ಏಳಬೇಡಿ.

ಇಂತಿ,
ಸಾಲು ಬಿಟ್ಟು ಕೆರೆಗಿಳಿದದ್ದಕ್ಕೆ ತಮ್ಮಿಂದಲೇ ಲಿಖಿತ ಎಚ್ಚರಿಕೆ ಪಡೆದ
ಟೆಗನ್ ವೀಲರ್