ಆರಾಮ ಎನ್ನುವವಳ ಜ್ವರ

ಕ್ಯಾನ್ಸರ್ ವಾರ್ಡಿನ ದೊಡ್ಡ ಡಾಕ್ಟರಿಗೆ,

ಎದುರಿಗೆ ನಿಂತು ಬಾಯಲ್ಲಿ ಹೇಳಿದರೆ ನಿಮ್ಮವರಿಗೆ ಕಿವಿ ಕೇಳಿಸುವುದಿಲ್ಲ, ಬರೆದು ಕೊಡಬೇಕಂತೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಕಿಮೋ ಆದಮೇಲೆ ನನ್ನ ಹೆಂಡತಿಗೆ ಜ್ವರ ಬಂತು, ಕರೆತಂದೆ. ರಕ್ತದಲ್ಲಿ ಸೋಂಕು ತಡೆಯುವ ಬಿಳಿ ಕಣ ತೀರಾ ಕಮ್ಮಿ ಎಂದು ನಿಮ್ಮ ಕನ್ನಡಕ ಹಾಕಿದ ಚಿಕ್ಕ ಡಾಕ್ಟರೇ ಹೇಳಿದರು. ಆಮೇಲೆ ಅಪಾಯ ಎಷ್ಟೆಂದು ಅಂಕ ಹಾಕಿ ಅಳೆಯಲು (ಅಂಕ ಹೆಚ್ಚಿದ್ದಷ್ಟೂ ಅಪಾಯ ಕಮ್ಮಿಯಂತೆ), ನನ್ನನ್ನು ಪರದೆಯಾಚೆ ನಿಲ್ಲಿಸಿ ಅವಳನ್ನು ಕೇಳಿದರು: "ಹೇಗಿದ್ದೀರಮ್ಮ? ಸುಸ್ತು, ನಡುಕ ಏನಾದ್ರೂ ಇದ್ಯಾ?"

"ಏನಿಲ್ಲಪ್ಪ, ಆರಾಮಾಗಿದ್ದೀನಿ. ನಿಂದು ಊಟ ಆಯ್ತಾ?" ಎಂದಳು.

ಆ ಮಾತಿಗೆ ಪೂರ್ತಿ ಅಂಕ ಕೊಟ್ಟು, ಅಪಾಯ ಕಮ್ಮಿ ಎಂದು ಮಾತ್ರೆ ಕೊಟ್ಟು ಮನೆಗೆ ಅಟ್ಟಿದರು. ಹೆರಿಗೆ ನೋವು ಬಂದಾಗಲೂ ಪಾತ್ರೆ ತೊಳೆದಿಟ್ಟು ಹೊರಟವಳು ಅವಳು. ಬೆಳಿಗ್ಗೆಯಿಂದ ಗೋಡೆ ಹಿಡಿದು ನಡೆಯುತ್ತಿದ್ದಾಳೆ ಎಂದು ನಾನು ಪರದೆಯಾಚೆಯಿಂದ ಆಗಲೇ ಕೂಗಿದ್ದೆ. "ಯಜಮಾನ್ರೇ, ಪೇಷಂಟ್ ಅವರಾ ನೀವಾ?" ಎಂದು ಆ ಡಾಕ್ಟರು ಗದರಿದ್ದರು. ಮರುದಿನ ಪ್ರಜ್ಞೆ ಇಲ್ಲದವಳನ್ನು ಹೊತ್ತು ತಂದೆ.

ನಿನ್ನೆ ಐಸಿಯುವಿನಿಂದ ಹೊರಗೆ ಬಂದಿದ್ದಾಳೆ. ನರ್ಸ್ ಕೇಳಿದರೆ ಈಗಲೂ ಆರಾಮಂತೆ.

ನಿಮ್ಮ ಕ್ಷಮೆ ಕಟ್ಟಿಕೊಂಡು ನನಗೇನೂ ಆಗಬೇಕಿಲ್ಲ. ಇನ್ನೊಂದು ಸಲ ಜ್ವರ ಬಂದರೆ, ಅವಳನ್ನು ಕೇಳುವಾಗ ನಾನು ಪಕ್ಕದಲ್ಲಿರಬೇಕು, ನಾನು ಹೇಳಿದ್ದೂ ಲೆಕ್ಕಕ್ಕೆ ಬರಬೇಕು. ಅದನ್ನು ಅವಳ ಫೈಲಿನ ಮೇಲೆ ಕೆಂಪಿನಲ್ಲಿ ಬರೆಯಿರಿ.

ಮುಂದಿನ ತಿಂಗಳು ಎಂಟಕ್ಕೆ ಮತ್ತೆ ಕಿಮೋ. ಬರೆಯುತ್ತೀರೋ ಇಲ್ಲವೋ, ಐದನೇ ತಾರೀಕಿನೊಳಗೆ ಉತ್ತರ ಬೇಕು.

ಇಂತಿ,
ಕಿಟಕಿ ಪಕ್ಕದ ಹಾಸಿಗೆಯವಳ ಗಂಡ