ಉಂಗುರ ಬೆರಳಿಲ್ಲದ ಸ್ವರಲಿಪಿ

ಅಕ್ಕಾ,

ನೀನು ತೀರಿಕೊಂಡ ಮೇಲೆ ನಿನ್ನ ನೆನಪಿಗಾಗಿ ಸೇರಿದ್ದ ಪಿಯಾನೊ ಬಳಗದವರೆಲ್ಲ ಕಣ್ಣೀರಿಟ್ಟರೆಂದು ಬಳಗದ ಕಾರ್ಯದರ್ಶಿಗಳು ವರದಿಯಲ್ಲಿ ಬರೆದಿರುವುದು ಸರಿಯಲ್ಲ. ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ನೀನು ತಿದ್ದಿ ಸಿದ್ಧಪಡಿಸಿ ನನಗೆ ಕಳುಹಿಸಿದ್ದ ಆ ಅಪರೂಪದ ಸ್ವರಲಿಪಿಯನ್ನು ಎಲ್ಲರಿಗೂ ನಕಲು ಮಾಡಿ ಹಂಚಿದೆವು.

"ಎಷ್ಟು ಜೋಪಾನವಾಗಿ ಇಟ್ಟಿದ್ದೀರಿ ಟೀಚರ್! ಒಂದು ಮಡಿಕೆಯೂ ಬಿದ್ದಿಲ್ವಲ್ಲ," ಎಂದರು ದಂತವೈದ್ಯರು. ನಾನು ತಲೆಯಾಡಿಸಿದೆ.

ಪ್ರತಿ ಸ್ವರಕ್ಕೂ ಯಾವ ಬೆರಳೆಂದು ನೀನು ಗುರುತಿಸಿರುವೆಯಲ್ಲ, ಅದರಲ್ಲಿ ಬಲಗೈಯ ಉಂಗುರ ಬೆರಳು ಎಲ್ಲಿಯೂ ಬರುವುದಿಲ್ಲವೆಂದು ಮೊದಲು ಕಂಡುಕೊಂಡವರು ಪಿಯಾನೊಗಳಿಗೆ ಶ್ರುತಿ ಮಾಡುವವರು.

"ಏನ್ರೀ ಇದು, ಪಾಪ, ಆ ಬೆರಳಿಗೆ ಪೂರ್ತಿ ರಜಾ ಕೊಟ್ಬಿಟ್ಟಿದ್ದಾರೆ!"

"ನಿಮಗೇನ್ರೀ ಗೊತ್ತು? ಅದೇ ಅವರ ಹೊಸ ಪದ್ಧತಿ," ಎಂದು ಕಾರ್ಯದರ್ಶಿಗಳು ಗದರಿದರು.

ಚಿಕ್ಕಂದಿನಿಂದಲೂ ಬಾಗದ ನನ್ನ ಆ ಬೆರಳನ್ನು ಕೈಚೀಲದ ಕೆಳಗೆ ಇರಿಸಿಕೊಂಡಿದ್ದೆ. "ನೀವೂ ಒಂದ್ಸಲ ನುಡಿಸಿ ಟೀಚರ್," ಎಂದರು ದಂತವೈದ್ಯರು. ಅಭ್ಯಾಸವಿಲ್ಲ ಎಂದೆ.

ವರದಿಯಲ್ಲಿ ಹಾಜರಿದ್ದವರ ವಿವರವೂ ತಪ್ಪಾಗಿದೆ. ನುಡಿಸಿದವರು: ಕಾರ್ಯದರ್ಶಿಗಳು, ದಂತವೈದ್ಯರು, ಶ್ರುತಿ ಮಾಡುವವರು, ಅವರ ಸೊಸೆ. ಕೇಳುತ್ತ ಕುಳಿತವಳು: ನಿನ್ನ ತಂಗಿ.